ನಿರುದ್ಯೋಗ ಭತ್ಯೆಯೂ ಬಿಡಿಗೆಲಸದ ಸಂಪಾದನೆಯೂ

ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆಯನ್ನು ಪಡೆಯುತ್ತಿರುವ ಒಬ್ಬನಿಗೆ ಎರಡು ದಿನಗಳ ಮಟ್ಟಿಗೆ ಒಂದು ಅನುವಾದದ ಕೆಲಸವೋ, ಕರಡು ತಿದ್ದುವ ಕೆಲಸವೋ, ಒಂದು ಕಟ್ಟಡದ ನಕ್ಷೆ ಬರೆದುಕೊಡುವ ಕೆಲಸವೋ ದೊರೆಯಿತೆಂದು ಭಾವಿಸೋಣ. ಅದನ್ನು ಅವನು ಒಪ್ಪಿಕೊಂಡರೆ ಆ ವಾರ ಅವನು ನಿರುದ್ಯೋಗಿಯೆ, ಉದ್ಯೋಗಸ್ಥನೆ? ಅವನ ಭತ್ಯೆ ಪೂರ್ತಿಯಾಗಿ ನಿಲ್ಲಬೇಕೆ, ಸಂಪಾದಿಸಿದಷ್ಟು ಕಡಮೆಯಾಗಬೇಕೆ, ಅಥವಾ ಇದ್ದಂತೆಯೇ ಉಳಿಯಬೇಕೆ? ಮೇಲುನೋಟಕ್ಕೆ ಇದು ಕಚೇರಿಯ ಗುಮಾಸ್ತರು ನಿಯಮಾವಳಿಯನ್ನು ನೋಡಿ ಇತ್ಯರ್ಥ ಮಾಡಬಹುದಾದ ಸಣ್ಣ ವಿಷಯವೆಂದು ತೋರುತ್ತದೆ. ಆದರೆ ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ದೇಶವು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟ ಉತ್ತರಗಳೂ ಹೊಂದುವುದಿಲ್ಲ. ಇದಕ್ಕೆ ಕಾರಣ ನಿಯಮ ರಚಿಸಿದವರ ಅಜಾಗರೂಕತೆಯಲ್ಲ. ನಿರುದ್ಯೋಗವೆಂದರೇನು ಎಂಬ ಮೂಲ ಕಲ್ಪನೆಯೇ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪ್ರಕೃತ ಲೇಖನದಲ್ಲಿ ಅದನ್ನೇ ತೋರಿಸಲು ಯತ್ನಿಸಿದ್ದೇವೆ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. ಒಬ್ಬ ಯಜಮಾನನ ಕೈಕೆಳಗೆ ನೆಲೆಯಾಗಿ ನಿಲ್ಲದೆ, ಕೆಲಸಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ಹಲವರಿಗೆ ದುಡಿಯುವ ಕ್ರಮವನ್ನು ಈಗ ಎಲ್ಲರೂ ಫ್ರೀಲಾನ್ಸ್ ಎಂದು ಕರೆಯುತ್ತಾರೆ. ನಾವು ಅದನ್ನು ಬಿಡಿಗೆಲಸವೆಂದು ಕರೆದಿದ್ದೇವೆ. ಭತ್ಯೆ ಎಂಬಲ್ಲಿ ಸಂಬಳದಿಂದ ಕಟ್ಟಿದ ವಂತಿಗೆಯ ಮೇಲೆ ಹಕ್ಕಾಗಿ ಬರುವ ವಿಮೆಯ ಹಣ, ಬಡತನವನ್ನು ನೋಡಿ ಸರ್ಕಾರವು ಕೊಡುವ ನೆರವು ಎರಡೂ ಸೇರುತ್ತವೆ. ವ್ಯತ್ಯಾಸವು ಮುಖ್ಯವಾದ ಕಡೆಗಳಲ್ಲಿ ಅದನ್ನು ಸೂಚಿಸಿದ್ದೇವೆ.

ರಾಷ್ಟ್ರವ್ಯಾಪಿಯಾದ ಕಡ್ಡಾಯ ನಿರುದ್ಯೋಗ ವಿಮೆಯನ್ನು ಮೊದಲು ತಂದ ದೇಶ ಬ್ರಿಟನ್. ಅಲ್ಲಿನ 1911ರ ರಾಷ್ಟ್ರೀಯ ವಿಮಾ ಕಾಯಿದೆಯ ಎರಡನೆಯ ಭಾಗವು ಕಟ್ಟಡ ನಿರ್ಮಾಣ, ಹಡಗು ನಿರ್ಮಾಣ, ಯಂತ್ರ ನಿರ್ಮಾಣ, ಎರಕದ ಕೆಲಸ ಮೊದಲಾದ ಕೆಲವು ಕಸುಬುಗಳಿಗೆ ಮಾತ್ರ ಅನ್ವಯಿಸಿತು. ಕೆಲಸಗಾರನೂ ಯಜಮಾನನೂ ವಾರಕ್ಕೆ ತಲಾ ಎರಡೂವರೆ ಪೆನ್ನಿಯಂತೆ ವಂತಿಗೆ ಕಟ್ಟುತ್ತಿದ್ದರು; ಸರ್ಕಾರವೂ ತನ್ನ ಪಾಲನ್ನು ಸೇರಿಸುತ್ತಿತ್ತು. ಕೆಲಸ ತಪ್ಪಿದಾಗ ವಾರಕ್ಕೆ 7 ಷಿಲಿಂಗಿನಂತೆ ವರ್ಷದಲ್ಲಿ ಹೆಚ್ಚೆಂದರೆ 15 ವಾರಗಳವರೆಗೆ ಭತ್ಯೆ ದೊರೆಯುತ್ತಿತ್ತು. ಭತ್ಯೆಯ ಪಾವತಿ ಆರಂಭವಾದದ್ದು 1913ರ ಜನವರಿಯಲ್ಲಿ. ಈ ವ್ಯವಸ್ಥೆಯ ಕಣ್ಣೆದುರಿಗಿದ್ದ ಕೆಲಸಗಾರನ ಚಿತ್ರವನ್ನು ಗಮನಿಸಬೇಕು. ಅವನು ಕಾರ್ಖಾನೆಯ ಬಾಗಿಲೊಳಗೆ ಹೋದ ದಿನ ಉದ್ಯೋಗಿ. ಹೋಗದ ದಿನ ನಿರುದ್ಯೋಗಿ. ಹೋಗದ ದಿನ ಅವನು ಕಾರ್ಮಿಕ ವಿನಿಮಯ ಕೇಂದ್ರಕ್ಕೆ ಬಂದು ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಕೆಲಸದ ಹೊತ್ತಿನಲ್ಲಿ ಅವನು ಇಲ್ಲಿ ನಿಂತಿದ್ದಾನೆ, ಆದಕಾರಣ ಬೇರೆಲ್ಲೂ ದುಡಿಯುತ್ತಿಲ್ಲ ಎಂಬುದಕ್ಕೆ ಆ ಸಹಿಯೇ ಸಾಕ್ಷಿ. ದಿನವೆಂಬುದು ಇಲ್ಲಿ ಅಳತೆಯ ಮಾನ. ಒಂದು ದಿನವು ಕೆಲಸದ ದಿನವಾಗಿರುತ್ತದೆ ಇಲ್ಲವೆ ಕೆಲಸವಿಲ್ಲದ ದಿನವಾಗಿರುತ್ತದೆ, ನಡುವೆ ಮೂರನೆಯದಿಲ್ಲ.

ಈ ಚಿತ್ರಕ್ಕೆ ಹೊಂದದವರು ಆ ಕಾಲದಲ್ಲಿಯೂ ಇದ್ದರು. ಹಡಗುಕಟ್ಟೆಯ ಕೂಲಿಗಳಿಗೆ ಹಡಗು ಬಂದ ದಿನ ಮಾತ್ರ ಕೆಲಸ. ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ, ಆರು ದಿನಗಳೊಳಗೆ ಮೂರು ದಿನ ಕೆಲಸವಿಲ್ಲದಿದ್ದರೆ ಅದನ್ನು ಸತತ ನಿರುದ್ಯೋಗದ ಲೆಕ್ಕಕ್ಕೆ ಹಿಡಿಯುವ ನಿಯಮವಿದ್ದಿತು. ಇದರ ಫಲವಾಗಿ ಮೂರು ದಿನ ಕೊಕ್ಕೆ ಹಿಡಿದು ಸರಕು ಎತ್ತುವುದು, ಮೂರು ದಿನ ಪುಸ್ತಕಕ್ಕೆ ಸಹಿ ಹಾಕುವುದು ಎಂಬ ರೂಢಿ ಬೆಳೆಯಿತು. ಕಟ್ಟೆಯ ಜನರ ಬಾಯಲ್ಲಿ ಅದಕ್ಕೊಂದು ನಾಣ್ಣುಡಿಯೇ ಹುಟ್ಟಿಕೊಂಡಿತು. ನಾಲ್ಕನೆಯ ದಿನ ಕೆಲಸ ಸಿಕ್ಕರೂ ಅದನ್ನು ಹಿಡಿದವನಿಗೆ ನಷ್ಟವಾಗುವ ಸಂಭವವಿದ್ದಿತು. ಇದನ್ನು ಕೂಲಿಗಳ ಕುಯುಕ್ತಿಯೆಂದು ಬಗೆದ ವಿಮರ್ಶಕರು ಅನೇಕರು. ಆದರೆ ಯಾವ ದಿನ ಎಷ್ಟು ಜನ ಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಕಟ್ಟೆಯ ಗುತ್ತಿಗೆದಾರರೇ ಹೊರತು ಕೂಲಿಗಳಲ್ಲ ಎಂಬುದನ್ನು ಮರೆಯಲಾಗದು. ನೆಲೆಯಿಲ್ಲದ ಕೆಲಸದ ಖರ್ಚಿನ ಒಂದು ಪಾಲನ್ನು ವಿಮಾನಿಧಿಯು ಹೊತ್ತಿತು; ಅದರ ಲಾಭವು ಹೆಚ್ಚಾಗಿ ಸೇರಿದ್ದು ಗುತ್ತಿಗೆದಾರರಿಗೆ.

ಇಂದಿನ ಬಿಡಿಗೆಲಸದವನು ಕೆಲಮಟ್ಟಿಗೆ ಆ ಹಡಗುಕಟ್ಟೆಯ ಕೂಲಿಯ ವಂಶಸ್ಥನೇ. ಒಂದು ವ್ಯತ್ಯಾಸವುಂಟು. ಕೂಲಿಯ ಕೆಲಸವನ್ನು ದಿನಗಳಲ್ಲಿ ಎಣಿಸಬಹುದಾಗಿತ್ತು. ಇವನದನ್ನು ಎಣಿಸುವುದು ಕಷ್ಟ. ಇದರ ತೊಡಕನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನಗಳಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಅಲ್ಲಿ 1932ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಮೊದಲ ನಿರುದ್ಯೋಗ ವಿಮಾ ಶಾಸನವನ್ನು ಮಾಡಿತು. 1935ರ ಸಾಮಾಜಿಕ ಭದ್ರತಾ ಕಾಯಿದೆಯ ತರುವಾಯ ಎಲ್ಲ ರಾಜ್ಯಗಳೂ ಅದನ್ನು ಅನುಸರಿಸಿದುವು. ಕೇಂದ್ರವು ಚೌಕಟ್ಟನ್ನು ಹಾಕಿಕೊಟ್ಟಿತು. ಭತ್ಯೆಯ ಮೊತ್ತ, ಷರತ್ತು, ಕಡಿತದ ಲೆಕ್ಕ ಇವು ಆಯಾ ರಾಜ್ಯದವು. ಆದಕಾರಣ ಒಂದೇ ಪ್ರಶ್ನೆಗೆ ಹತ್ತಾರು ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಒದಗಿದೆ. ಭತ್ಯೆ ಪಡೆಯುವವನು ಕೆಲಸ ಮಾಡಲು ಶಕ್ತನಾಗಿರಬೇಕು, ಕೆಲಸಕ್ಕೆ ಸಿದ್ಧನಾಗಿ ದೊರೆಯುವಂತಿರಬೇಕು, ಕೆಲಸವನ್ನು ಹುಡುಕುತ್ತಿರಬೇಕು. ಈ ಮೂರನ್ನೂ ತಾನು ಮಾಡಿದ ಕೆಲಸದ ವಿವರವನ್ನೂ ನಿಯತವಾಗಿ, ಸಾಮಾನ್ಯವಾಗಿ ವಾರವಾರವೂ, ಘೋಷಿಸಬೇಕು. ಇಷ್ಟು ಎಲ್ಲೆಡೆಯೂ ಸಮಾನ.

ನ್ಯೂಯಾರ್ಕ್ ರಾಜ್ಯದಲ್ಲಿ 2021ರ ಜನವರಿಯವರೆಗೆ ದಿನದ ಅಳತೆಯೇ ನಡೆದುಕೊಂಡು ಬಂದಿತ್ತು. ವಾರದಲ್ಲಿ ಒಂದು ದಿನ ಕೆಲಸ ಮಾಡಿದರೆ ಭತ್ಯೆಯ ಕಾಲುಭಾಗ ಹೋಗುತ್ತಿತ್ತು. ಎರಡು ದಿನಕ್ಕೆ ಅರ್ಧ. ನಾಲ್ಕು ದಿನಕ್ಕೆ ಪೂರ್ತಿ. ಒಂದು ಗಂಟೆಯಾಗಲಿ ಅದಕ್ಕೂ ಕಡಮೆಯಾಗಲಿ ದುಡಿದರೆ ಅದು ಕೆಲಸದ ದಿನ. ಬಿಡಿಗೆಲಸಕ್ಕೂ ಸ್ವಂತ ಉದ್ಯೋಗಕ್ಕೂ ಇದೇ ಲೆಕ್ಕ. ಆ ದಿನದ ಕೆಲಸಕ್ಕೆ ಹಣ ಬಾರದಿದ್ದರೂ ಇದೇ ಲೆಕ್ಕ. ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಇಬ್ಬರಿಗೂ ವಾರಕ್ಕೆ 400 ಡಾಲರ್ ಭತ್ಯೆ ಎಂದು ಇಟ್ಟುಕೊಳ್ಳೋಣ. ಮೊದಲನೆಯಾಕೆ ಕರಡು ತಿದ್ದುವವಳು. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದು ಗಂಟೆಯಂತೆ ಕೆಲಸ ಮಾಡಿ 80 ಡಾಲರ್ ಗಳಿಸಿದಳು. ನಾಲ್ಕು ದಿನಗಳು ಕೆಲಸದ ದಿನಗಳಾದುವು. ಭತ್ಯೆ ಪೂರ್ತಿ ಹೋಯಿತು. ಕೈಗೆ ಬಂದದ್ದು 80 ಡಾಲರ್. ಎರಡನೆಯವನು ಛಾಯಾಚಿತ್ರಕಾರ, ಒಂದು ಶನಿವಾರ ಒಂದು ಮದುವೆಗೆ ಹೋಗಿ 450 ಡಾಲರ್ ಗಳಿಸಿದನು. ಒಂದೇ ದಿನದ ಕೆಲಸವಾದ್ದರಿಂದ ಭತ್ಯೆಯಲ್ಲಿ 300 ಡಾಲರ್ ಉಳಿಯಿತು. ಕೈಗೆ ಬಂದದ್ದು 750 ಡಾಲರ್. ಕಡಮೆ ಗಳಿಸಿದವಳಿಗೆ ಹೆಚ್ಚಿನ ದಂಡ, ಹೆಚ್ಚು ಗಳಿಸಿದವನಿಗೆ ಅಲ್ಪ ದಂಡ. ಇಬ್ಬರೂ ನಿಯಮವನ್ನು ಮೀರಿದವರಲ್ಲ, ಗುಮಾಸ್ತನೂ ತಪ್ಪಿದವನಲ್ಲ. ಕಾರ್ಖಾನೆಯ ದಿನವೆಂಬ ಕೋಲಿನಿಂದ ಕಾರ್ಖಾನೆಯಲ್ಲದ ಕೆಲಸವನ್ನು ಅಳೆದದ್ದೇ ದೋಷ.

ಈ ದೋಷವನ್ನು ಕಂಡುಕೊಂಡ ರಾಜ್ಯವು ಆ ಜನವರಿಯಲ್ಲಿ ದಿನವನ್ನು ಬಿಟ್ಟು ಗಂಟೆಯನ್ನು ಹಿಡಿಯಿತು. 2021ರ ಆಗಸ್ಟಿನಿಂದ ಬಂದ ಲೆಕ್ಕ ಹೀಗಿದೆ. ವಾರಕ್ಕೆ 10 ಗಂಟೆಯವರೆಗೆ ದುಡಿದರೆ ಕಡಿತವಿಲ್ಲ. 11ರಿಂದ 16 ಗಂಟೆಗಳಾದರೆ ಕಾಲುಭಾಗ, 17ರಿಂದ 21 ಆದರೆ ಅರ್ಧ, 22ರಿಂದ 30 ಆದರೆ ಮುಕ್ಕಾಲು. 30 ಗಂಟೆಗಳನ್ನು ಮೀರಿದರೆ ಭತ್ಯೆಯಿಲ್ಲ. ನಮ್ಮ ಕರಡು ತಿದ್ದುವವಳ ನಾಲ್ಕು ಗಂಟೆಗಳಿಗೆ ಈಗ ಏನೂ ಹೋಗುವುದಿಲ್ಲ. ಸುಧಾರಣೆಯು ದೊಡ್ಡದೇ. ಆದರೂ ಬಿಡಿಗೆಲಸದಲ್ಲಿ ಗಂಟೆಯೆಂದರೇನು ಎಂಬ ಪ್ರಶ್ನೆ ಉಳಿದೇ ಇದೆ. ಚಿತ್ರಕಾರನೊಬ್ಬನು ಪುಸ್ತಕದ ಹೊದಿಕೆಯನ್ನು ಮೂರು ಗಂಟೆಗಳಲ್ಲಿ ಬರೆಯಬಹುದು. ಅದಕ್ಕೆ ಮೊದಲು ಪುಸ್ತಕವನ್ನು ಓದಲು ಎಂಟು ಗಂಟೆ, ಪ್ರಕಾಶಕನೊಡನೆ ಮಾತುಕತೆಗೆ ಎರಡು ಗಂಟೆ, ಒಪ್ಪಿಗೆಯಾಗದ ಮೊದಲ ಎರಡು ಚಿತ್ರಗಳಿಗೆ ಆರು ಗಂಟೆ ಹಿಡಿದಿರಬಹುದು. ಇವುಗಳಲ್ಲಿ ಎಷ್ಟನ್ನು ಘೋಷಿಸಬೇಕು? ದಾಕ್ಷಿಣ್ಯವಿಲ್ಲದೆ ಎಲ್ಲವನ್ನೂ ಬರೆದರೆ ಭತ್ಯೆಯ ಅರ್ಧ ಹೋಗುತ್ತದೆ. ಮೂರನ್ನೇ ಬರೆದರೆ ಸುಳ್ಳು ಬರೆದ ಅಳುಕು. ಹೊಸ ಕೆಲಸಕ್ಕಾಗಿ ಹತ್ತು ಜನರಿಗೆ ಪತ್ರ ಬರೆಯುವುದು ಕೆಲಸ ಹುಡುಕುವುದೋ ಕೆಲಸ ಮಾಡುವುದೋ ಎಂಬುದೂ ಹಾಗೆಯೇ. ನೌಕರನಿಗೆ ಇವೆರಡೂ ಬೇರೆ ಬೇರೆ. ಬಿಡಿಗೆಲಸದವನಿಗೆ ಕೆಲಸ ಹುಡುಕುವುದು ಅವನ ಕಸುಬಿನ ಒಂದು ಅಂಗವೇ ಆಗಿದೆ.

ಗಂಟೆಯ ಅಳತೆಯನ್ನು ಗೋಡೆಯಂತೆ ನಿಲ್ಲಿಸಿರುವ ದೇಶ ಜರ್ಮನಿ. ಅಲ್ಲಿನ ನಿರುದ್ಯೋಗ ವಿಮೆಯು 1927ರ ಕಾಯಿದೆಯಿಂದ ಆರಂಭವಾಯಿತು. ಇಂದಿನ ನಿಯಮದ ಮೇರೆಗೆ ವಾರಕ್ಕೆ 15 ಗಂಟೆಗಳಿಗಿಂತ ಕಡಮೆ ದುಡಿಯುವವನು ಮಾತ್ರ ನಿರುದ್ಯೋಗಿ. ಸರಿಯಾಗಿ 15 ಗಂಟೆಗಳಾದರೂ ಅವನು ನಿರುದ್ಯೋಗಿಯಲ್ಲ. ಆಗ ಭತ್ಯೆಯಲ್ಲಿ ಕಡಿತವಾಗುವುದಲ್ಲ, ಭತ್ಯೆಯ ಹಕ್ಕೇ ಇರುವುದಿಲ್ಲ. ಅಪರೂಪವಾಗಿ, ಅಲ್ಪಕಾಲ ಮಾತ್ರ ಈ ಮಿತಿ ಮೀರಿದರೆ ಅದನ್ನು ಗಣಿಸುವುದಿಲ್ಲವೆಂಬ ವಿನಾಯಿತಿಯುಂಟು. ಗೋಡೆಯ ಒಳಗಿರುವವನಿಗೆ ಸಂಪಾದನೆಯ ಲೆಕ್ಕ ಬೇರೆ ಇದೆ. ತಿಂಗಳಿಗೆ 165 ಯೂರೊ ಬಿಟ್ಟು ಉಳಿದ ನಿವ್ವಳ ಗಳಿಕೆಯನ್ನು ಭತ್ಯೆಯಿಂದ ಕಳೆಯುತ್ತಾರೆ. ಸ್ವಂತವಾಗಿ ದುಡಿಯುವವನಿಗೆ, ಅವನು ಹೆಚ್ಚಿನ ಖರ್ಚನ್ನು ದಾಖಲೆಯಿಂದ ತೋರಿಸದಿದ್ದಲ್ಲಿ, ಆದಾಯದ ಶೇಕಡ 30ನ್ನು ಖರ್ಚೆಂದು ಹಿಡಿಯುತ್ತಾರೆ. ಅನುವಾದಕನೊಬ್ಬನಿಗೆ ತಿಂಗಳಲ್ಲಿ 500 ಯೂರೊ ಬಂದರೆ ಅದರಲ್ಲಿ 150 ಖರ್ಚಿನ ಬಾಬ್ತು ಕಳೆದು 350. ಅದರಲ್ಲಿ 165 ಬಿಟ್ಟು 185. ತೆರಿಗೆಯ ಮಾತನ್ನು ಬದಿಗಿಟ್ಟರೆ ಭತ್ಯೆಯಿಂದ ಹೋಗುವುದು ಈ 185 ಯೂರೊ. ಖರ್ಚಿನ ಬಗ್ಗೆ ಈ ಸರಳ ನಿಯಮವು ನಮಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಶಾಯಿ, ಕಾಗದ, ವಿದ್ಯುತ್ತು, ಪ್ರಯಾಣ ಇವುಗಳಿಗೆ ಚೀಟಿ ಚೀಟಿಯಾಗಿ ಲೆಕ್ಕ ಕೊಡುವ ಕಷ್ಟವು ಸಣ್ಣ ಗಳಿಕೆಯವನಿಗೇ ಹೆಚ್ಚು. ಆದರೆ ಆ 15 ಗಂಟೆಯ ಗೋಡೆಯು ವಿವೇಕದ್ದೆಂದು ಹೇಳಲಾರೆವು. ನಿಧಾನವಾಗಿ ಕೆಲಸ ಮಾಡುವವನು, ಹೊಸದಾಗಿ ಕಸುಬಿಗೆ ಬಂದವನು, ಗಂಟೆಗೆ ಕಡಮೆ ದರ ಪಡೆಯುವವನು ಇವರೇ ಮೊದಲು ಅದಕ್ಕೆ ತಲೆ ಹೊಡೆದುಕೊಳ್ಳುವವರು.

ಹೀಗಿರಲಾಗಿ ದಿನ, ಗಂಟೆ ಎರಡನ್ನೂ ಬಿಟ್ಟು ಗಳಿಕೆಯನ್ನೇ ಅಳತೆಯಾಗಿ ಹಿಡಿಯುವುದು ಲೇಸೆಂದು ತೋರುತ್ತದೆ. ಹಣವನ್ನಾದರೆ ಎಣಿಸಬಹುದು. ಕ್ಯಾಲಿಫೋರ್ನಿಯದ ಕ್ರಮ ಇದು. ವಾರದ ಸಂಬಳದಲ್ಲಿ 25 ಡಾಲರ್ ಅಥವಾ ಶೇಕಡ 25, ಇವೆರಡರಲ್ಲಿ ಹೆಚ್ಚಿನದನ್ನು ಬಿಟ್ಟು, ಉಳಿದದ್ದನ್ನು ಭತ್ಯೆಯಿಂದ ಕಳೆಯುತ್ತಾರೆ. 400 ಡಾಲರ್ ಭತ್ಯೆಯವನು 200 ಡಾಲರ್ ಗಳಿಸಿದರೆ 150 ಕಳೆದು 250 ಭತ್ಯೆ, ಒಟ್ಟು 450. ಅಂದರೆ 200 ಡಾಲರಿನ ದುಡಿಮೆಯಿಂದ ಕೈಗೆ ಹೆಚ್ಚಾಗಿ ಸೇರಿದ್ದು 50 ಡಾಲರ್. ಬ್ರಿಟನ್ನಿನಲ್ಲಿ ವಂತಿಗೆಯ ಆಧಾರದ ಮೇಲೆ ಕೊಡುವ ಭತ್ಯೆಯಲ್ಲಿ ವಾರಕ್ಕೆ ಸಾಮಾನ್ಯವಾಗಿ 5 ಪೌಂಡನ್ನು ಮಾತ್ರ ಬಿಟ್ಟು, ಮುಂದಿನ ಪ್ರತಿ ಪೌಂಡಿಗೂ ಒಂದು ಪೌಂಡನ್ನು ಕಡಿಯುತ್ತಾರೆ. ಇದಕ್ಕೆ ಪ್ರತಿಯಾಗಿ, ಅದೇ ದೇಶವು 2013ರಿಂದ ಜಾರಿಗೆ ತಂದ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನಲ್ಲಿ ಗಳಿಕೆಯ ಪ್ರತಿ ಪೌಂಡಿಗೆ ಕಡಿತವಾಗುವುದು ಒಂದು ಭಾಗ ಮಾತ್ರ. ಮೊದಲು ಅದು ಶೇಕಡ 65 ಇದ್ದು, 2017ರಲ್ಲಿ 63ಕ್ಕೂ 2021ರ ಕೊನೆಗೆ 55ಕ್ಕೂ ಇಳಿಯಿತು. ಇಲ್ಲಿ ಗೋಡೆಯಿಲ್ಲ; ಇಳಿಜಾರಿದೆ. ದುಡಿದಷ್ಟೂ ಒಟ್ಟು ಆದಾಯ ಸ್ವಲ್ಪವಾದರೂ ಏರುತ್ತದೆ.

ಇಳಿಜಾರಿನ ನಿಯಮವೇ ಉಳಿದ ಎರಡಕ್ಕಿಂತ ಮೇಲೆಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಆದರೆ ಅದರಲ್ಲಿಯೂ ಕಾಲದ ತೊಡಕು ಹಾಗೆಯೇ ಉಳಿಯುತ್ತದೆ. ಮಾರ್ಚಿಯಲ್ಲಿ ಮಾಡಿದ ಕೆಲಸದ ಹಣ ಜೂನಿನಲ್ಲಿ ಬರುವುದು ಬಿಡಿಗೆಲಸದವರಿಗೆಲ್ಲ ಪರಿಚಿತವಾದ ಅನುಭವ. ಕ್ಯಾಲಿಫೋರ್ನಿಯದಲ್ಲಿ ಸಂಬಳವನ್ನು ದುಡಿದ ವಾರಕ್ಕೆ ಸೇರಿಸಿ ಘೋಷಿಸಬೇಕು, ಕೈಗೆ ಬಂದ ವಾರಕ್ಕಲ್ಲ. ಈ ತತ್ತ್ವವನ್ನು ಬಿಡಿಗೆಲಸಕ್ಕೆ ಅನ್ವಯಿಸಿದರೆ, ಇನ್ನೂ ಬಾರದ, ಬಾರದೆಯೇ ಹೋಗಬಹುದಾದ ಹಣಕ್ಕಾಗಿ ಇಂದಿನ ಭತ್ಯೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಯೂನಿವರ್ಸಲ್ ಕ್ರೆಡಿಟಿನಲ್ಲಿ ಸ್ವಂತ ಉದ್ಯೋಗದ ಹಣವನ್ನು ಕೈಗೆ ಬಂದ ತಿಂಗಳಿಗೆ ಸೇರಿಸುತ್ತಾರೆ. ಆಗ ಮೂರು ತಿಂಗಳ ದುಡಿಮೆಯ ಹಣ ಒಂದೇ ತಿಂಗಳಲ್ಲಿ ಬಂದು ಆ ತಿಂಗಳ ನೆರವನ್ನು ನುಂಗಿಬಿಡಬಹುದು. ಇದಲ್ಲದೆ ಸ್ವಂತ ಉದ್ಯೋಗವೇ ಮುಖ್ಯ ಕಸುಬೆಂದು ಕಚೇರಿಯು ತೀರ್ಮಾನಿಸಿದವರಿಗೆ, ಆರಂಭದ ಒಂದು ವರ್ಷ ಕಳೆದ ಮೇಲೆ, ಕನಿಷ್ಠ ಆದಾಯದ ನೆಲೆಯೊಂದನ್ನು ಗೊತ್ತುಮಾಡುತ್ತಾರೆ. ಗಳಿಕೆಯು ಅದಕ್ಕಿಂತ ಕಡಮೆಯಾದ ತಿಂಗಳಿನಲ್ಲಿಯೂ ಅಷ್ಟನ್ನು ಗಳಿಸಿದನೆಂದೇ ಭಾವಿಸಿ ಕಡಿತ ಮಾಡುತ್ತಾರೆ. ಗಳಿಸದ ಹಣವನ್ನು ಗಳಿಸಿದನೆಂದು ಎಣಿಸುವ ಈ ಕ್ರಮವು, ಹಣ ಬಾರದ ದಿನವನ್ನೂ ಕೆಲಸದ ದಿನವೆಂದು ಎಣಿಸುತ್ತಿದ್ದ ನ್ಯೂಯಾರ್ಕಿನ ಹಳೆಯ ನಿಯಮದ ಒಡಹುಟ್ಟಿದಂತಿದೆ.

ಖಜಾನೆಯ ಪಕ್ಷದ ವಾದವನ್ನೂ ಇಲ್ಲಿ ಕೇಳಬೇಕು. ವಿಮಾನಿಧಿಯು ನೌಕರರ ಸಂಬಳದ ಲೆಕ್ಕದ ಮೇಲೆ ಕೂಡಿಸಿದ ಹಣ. ಬಿಡಿಗೆಲಸದ ಗಳಿಕೆಯ ಮೇಲೆ ಸಾಮಾನ್ಯವಾಗಿ ಅದಕ್ಕೆ ವಂತಿಗೆ ಬರುವುದಿಲ್ಲ. ಭತ್ಯೆಯ ಬೆಂಬಲವಿರುವವನು ಕಡಮೆ ದರಕ್ಕೆ ಕೆಲಸ ಒಪ್ಪಿಕೊಂಡರೆ, ಬೆಂಬಲವಿಲ್ಲದ ಇನ್ನೊಬ್ಬ ಬಿಡಿಗೆಲಸದವನ ದರವೂ ಕುಸಿಯುತ್ತದೆ. ಕೆಲಸ ಕೊಡುವವನು ನಿಧಿಯ ಖರ್ಚಿನಲ್ಲಿ ಅಗ್ಗದ ದುಡಿಮೆಯನ್ನು ಪಡೆಯುತ್ತಾನೆ. 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲೆಂಡಿನಲ್ಲಿ ನ್ಯಾಯಾಧಿಕಾರಿಗಳು ರೊಟ್ಟಿಯ ಬೆಲೆಯನ್ನು ನೋಡಿ ಕೂಲಿಗೆ ಪೂರಕ ಹಣ ಕೊಡಲು ತೊಡಗಿದಾಗ ಹೇಳಿದ ಆಕ್ಷೇಪವೂ ಇದೇ. 1834ರ ಬಡವರ ಕಾಯಿದೆಯ ತಿದ್ದುಪಡಿಯ ಹಿಂದೆಯೂ ಅದೇ ಇದ್ದಿತು. ಆ ಪೂರಕ ಹಣದಿಂದ ಕೂಲಿ ನಿಜವಾಗಿ ಎಷ್ಟು ಕುಸಿಯಿತೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೂ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ; ಹಡಗುಕಟ್ಟೆಯ ವೃತ್ತಾಂತವೂ ಅದಕ್ಕೆ ಬಲ ಕೊಡುತ್ತದೆ. ಇದಕ್ಕೆ ಪರಿಹಾರವು ಬಿಡಿಗೆಲಸದವರನ್ನು ದೂರವಿಡುವುದರಲ್ಲಿಲ್ಲ, ವಂತಿಗೆಯ ಬಲೆಯೊಳಕ್ಕೆ ತರುವುದರಲ್ಲಿದೆ ಎನ್ನಬಹುದು. ಜರ್ಮನಿಯು 2006ರಿಂದ ಸ್ವಂತ ಉದ್ಯೋಗಕ್ಕೆ ಹೋಗುವ ಹಳೆಯ ನೌಕರರಿಗೆ ಇಚ್ಛೆಯಿದ್ದಲ್ಲಿ ವಂತಿಗೆ ಕಟ್ಟಿ ವಿಮೆಯಲ್ಲಿ ಮುಂದುವರಿಯಲು ಅವಕಾಶ ಕೊಟ್ಟಿದೆ.

ಬಲೆಯ ಹೊರಗಿದ್ದವರ ಪಾಡು ಏನೆಂಬುದು 2020ರಲ್ಲಿ ಎಲ್ಲರಿಗೂ ಕಂಡಿತು. ಕೋವಿಡ್ ರೋಗದಿಂದ ಕೆಲಸಗಳು ನಿಂತಾಗ ಅಮೆರಿಕದ ಶಾಸನಸಭೆಯು ಮಾರ್ಚಿಯಲ್ಲಿ ಒಂದು ಕಾಯಿದೆಯನ್ನು ಮಾಡಿ, ಸಾಮಾನ್ಯ ವಿಮೆಗೆ ಅರ್ಹರಲ್ಲದ ಸ್ವಂತ ಉದ್ಯೋಗಿಗಳಿಗೂ ಬಿಡಿಗೆಲಸದವರಿಗೂ ದೇಶದಾದ್ಯಂತ ತಾತ್ಕಾಲಿಕ ಭತ್ಯೆಯನ್ನು ಏರ್ಪಡಿಸಿತು. ಆದರೆ ಸಾಮಾನ್ಯ ವಿಮೆಗೆ ಅರ್ಹನಾದವನಿಗೆ ಈ ಹೊಸ ಭತ್ಯೆ ದೊರೆಯುವಂತಿರಲಿಲ್ಲ. ಇದರ ಫಲವನ್ನು ನೋಡಿ: ಸಂಗೀತಗಾರನೊಬ್ಬನು ಶಾಲೆಯೊಂದರಲ್ಲಿ ಅರೆಕಾಲಿಕ ಪಾಠದಿಂದ ವರ್ಷಕ್ಕೆ 6,000 ಡಾಲರನ್ನೂ ಕಚೇರಿಗಳಿಂದ 40,000 ಡಾಲರನ್ನೂ ಗಳಿಸುತ್ತಿದ್ದನೆಂದು ಊಹಿಸೋಣ. ಆ ಅಲ್ಪ ಸಂಬಳವು ಅವನನ್ನು ಸಾಮಾನ್ಯ ವಿಮೆಗೆ ಅರ್ಹನನ್ನಾಗಿ ಮಾಡಿದರೆ ಭತ್ಯೆಯ ಲೆಕ್ಕ 6,000ದ ಮೇಲೆಯೇ, 40,000 ಲೆಕ್ಕಕ್ಕಿಲ್ಲ. ಶಾಲೆಯ ಕೆಲಸವಿಲ್ಲದ ಅವನ ಗೆಳೆಯನಿಗೆ ಅವನಿಗಿಂತ ಹೆಚ್ಚು ಭತ್ಯೆ ಬರುವ ಸಂಭವವಿದ್ದಿತು. ಈ ಮಿಶ್ರ ಗಳಿಕೆಯವರಿಗಾಗಿ 2020ರ ಡಿಸೆಂಬರಿನ ಕಾಯಿದೆಯು ವಾರಕ್ಕೆ 100 ಡಾಲರ್ ಹೆಚ್ಚುವರಿ ಕೊಡಲು ಅವಕಾಶ ಮಾಡಿತು. ಸ್ವಂತ ಉದ್ಯೋಗದಿಂದ ವರ್ಷಕ್ಕೆ ಕನಿಷ್ಠ 5,000 ಡಾಲರ್ ಗಳಿಸಿದ್ದವರಿಗೆ, ಅದೂ ರಾಜ್ಯವು ಒಪ್ಪಿದಲ್ಲಿ ಮಾತ್ರ. 2021ರ ಸೆಪ್ಟೆಂಬರಿನಲ್ಲಿ ಈ ಏರ್ಪಾಡುಗಳೆಲ್ಲ ಮುಗಿದುವು. ಹಳೆಯ ಗೆರೆ ಮತ್ತೆ ಮೊದಲಿನ ಜಾಗದಲ್ಲಿಯೇ ಬಂದು ನಿಂತಿತು.

ವಿಚಿತ್ರವೆಂದರೆ, ಬಿಡಿಗೆಲಸವನ್ನು ಸಣ್ಣದಾಗಿ ಮಾಡುವವನನ್ನು ಸಂದೇಹದಿಂದ ಕಾಣುವ ಸರ್ಕಾರಗಳೇ, ಅದನ್ನು ಪೂರ್ಣ ಉದ್ಯಮವಾಗಿ ಮಾಡುತ್ತೇನೆಂದು ಮುಂದೆ ಬಂದವನಿಗೆ ಕೈ ನೀಡುತ್ತವೆ. ಅಮೆರಿಕದಲ್ಲಿ 1993ರಲ್ಲಿ ತಾತ್ಕಾಲಿಕವಾಗಿಯೂ 1998ರಲ್ಲಿ ಶಾಶ್ವತವಾಗಿಯೂ ಬಂದ ಒಂದು ಯೋಜನೆಯ ಮೇರೆಗೆ, ಒಪ್ಪಿದ ಕೆಲವೇ ರಾಜ್ಯಗಳಲ್ಲಿ, ಸ್ವಂತ ಉದ್ಯಮವನ್ನು ಕಟ್ಟುತ್ತಿರುವವನು ನೌಕರಿ ಹುಡುಕುವ ಷರತ್ತಿಲ್ಲದೆ ಭತ್ಯೆಯಷ್ಟೇ ಹಣವನ್ನು ಪಡೆಯಬಹುದು. ಜರ್ಮನಿಯಲ್ಲಿ ಅಂಥವನಿಗೆ ಆರು ತಿಂಗಳವರೆಗೆ ಭತ್ಯೆಯಷ್ಟು ಹಣ ಮತ್ತು ಅದರ ಮೇಲೆ ತಿಂಗಳಿಗೆ 300 ಯೂರೊ ಕೊಡಬಹುದು. ಹಗಲಿರುಳು ದುಡಿಯುವವನು ಭತ್ಯೆಗೆ ಯೋಗ್ಯ, ವಾರಕ್ಕೆ 16 ಗಂಟೆ ದುಡಿಯುವವನು ಅಯೋಗ್ಯ! ಇವೆರಡರ ನಡುವೆ ಇರುವವನು, ಅಂದರೆ ನೌಕರಿಯನ್ನು ಹುಡುಕುತ್ತಲೇ ಸಿಕ್ಕ ಬಿಡಿಗೆಲಸವನ್ನು ಮಾಡುವ ಸಾಮಾನ್ಯ ಮನುಷ್ಯನು, ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ.

ಅಂಥವನನ್ನು ತಕ್ಕಮಟ್ಟಿಗೆ ಕಂಡಿರುವ ದೇಶ ಫ್ರಾನ್ಸ್. ಅಲ್ಲಿ ಭತ್ಯೆಯ ಅವಧಿಯಲ್ಲಿ ದುಡಿದವನ ಒಟ್ಟು ಗಳಿಕೆಯ ಶೇಕಡ 70ನ್ನು, ಕೆಲವು ಮಿತಿಗಳಿಗೆ ಒಳಪಟ್ಟು, ಆ ತಿಂಗಳ ಭತ್ಯೆಯಿಂದ ಕಳೆಯುತ್ತಾರೆ. ಹೀಗೆ ಕೊಡದೆ ಉಳಿದ ಭತ್ಯೆಯ ದಿನಗಳು ನಾಶವಾಗುವುದಿಲ್ಲ, ಮುಂದಕ್ಕೆ ಹೋಗುತ್ತವೆ. ಸಿನಿಮಾ ಮತ್ತು ರಂಗಭೂಮಿಯ ಕಲಾವಿದರಿಗೂ ತಂತ್ರಜ್ಞರಿಗೂ ಇನ್ನೂ ವಿಶೇಷವಾದ ವ್ಯವಸ್ಥೆಯಿದೆ. ಹನ್ನೆರಡು ತಿಂಗಳುಗಳಲ್ಲಿ 507 ಗಂಟೆ ಕೆಲಸ ಮಾಡಿದವರಿಗೆ ಕೆಲಸಗಳ ನಡುವಣ ಖಾಲಿ ದಿನಗಳಿಗೆ ಭತ್ಯೆ ದೊರೆಯುತ್ತದೆ. ಆಗಾಗ ಕೆಲಸ, ಆಗಾಗ ವಿರಾಮ ಎಂಬುದನ್ನು ಇಲ್ಲಿ ಕಸುಬಿನ ಸಹಜ ಗತಿಯೆಂದೇ ಒಪ್ಪಲಾಗಿದೆ. ಇದರ ಖರ್ಚಿನ ಬಗ್ಗೆ ಜಗಳ ನಿಂತೇ ಇಲ್ಲ. 2003ರಲ್ಲಿ ಆ ಗಂಟೆಗಳನ್ನು ಪೂರೈಸಬೇಕಾದ ಅವಧಿಯನ್ನು ಹತ್ತು, ಹತ್ತೂವರೆ ತಿಂಗಳುಗಳಿಗೆ ಇಳಿಸಿದಾಗ ಕಲಾವಿದರು ಮುಷ್ಕರ ಹೂಡಿದರು. ಆ ವರ್ಷದ ಆವಿನ್ಯೋನ್ ನಾಟಕೋತ್ಸವವೇ ರದ್ದಾಯಿತು. ಹನ್ನೆರಡು ತಿಂಗಳ ಅವಧಿ ಮರಳಿ ಬಂದದ್ದು 2016ರಲ್ಲಿ. ಒಂದೂವರೆ ತಿಂಗಳ ವ್ಯತ್ಯಾಸಕ್ಕೆ ಒಂದು ಉತ್ಸವವೇ ನಿಂತಿತೆಂದರೆ ಇಂಥ ನಿಯಮಗಳು ಬದುಕಿಗೆ ಎಷ್ಟು ಹತ್ತಿರದವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಘೋಷಣೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಯಾವ ಅಳತೆಯೇ ಇರಲಿ, ಮಾಡಿದ ಕೆಲಸವನ್ನು ಮುಚ್ಚಿಟ್ಟು ಭತ್ಯೆ ಪಡೆಯುವುದು ವಂಚನೆ. ಅಮೆರಿಕದಲ್ಲಿ ಹೀಗೆ ಪಡೆದ ಹಣವನ್ನು ಹಿಂದಿರುಗಿಸಬೇಕಾಗುವುದಲ್ಲದೆ ಅದರ ಮೇಲೆ ಕನಿಷ್ಠ ಶೇಕಡ 15ರಷ್ಟು ದಂಡವನ್ನು ತೆರಬೇಕಾಗುತ್ತದೆ. ವಂಚಕನಿಗೆ ದಂಡ ನ್ಯಾಯವೇ. ಆದರೆ ಏನನ್ನು ಘೋಷಿಸಬೇಕೆಂಬುದೇ ಸ್ಪಷ್ಟವಿಲ್ಲದಿರುವಾಗ ಪ್ರಾಮಾಣಿಕನು ಮಾಡುವುದೇನು? ಅವನು ಕೆಲಸವನ್ನೇ ಒಲ್ಲೆನೆನ್ನುತ್ತಾನೆ. ಎರಡು ದಿನದ ಅನುವಾದವನ್ನು ಬಿಟ್ಟುಕೊಟ್ಟವನು ಅದರ ಜೊತೆಗೆ ಆ ಪ್ರಕಾಶಕನ ಪರಿಚಯವನ್ನೂ ಮುಂದಿನ ಕೆಲಸವನ್ನೂ ಕೈಯ ಪಳಗನ್ನೂ ಬಿಟ್ಟುಕೊಡುತ್ತಾನೆ. ಈ ನಷ್ಟವು ಯಾವ ಸರ್ಕಾರಿ ಅಂಕಿಅಂಶದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬೇರೆ ವೇಷದಲ್ಲಿ ಬಂದಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿಸಿದ ಅಧ್ಯಾಯವು, ತಾತ್ಕಾಲಿಕವಾಗಿ ಕೆಲಸವಿಲ್ಲದೆ ಮನೆಗೆ ಕಳುಹಿಸಲ್ಪಟ್ಟ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಪರಿಹಾರವಾಗಿ ಕೊಡಿಸಿತು. ಅದರಲ್ಲಿ ಒಂದು ಷರತ್ತಿದ್ದಿತು: ಅವನು ಕೆಲಸದ ವೇಳೆಯಲ್ಲಿ ದಿನಕ್ಕೊಮ್ಮೆಯಾದರೂ ಗೊತ್ತಾದ ಹೊತ್ತಿಗೆ ಕಾರ್ಖಾನೆಗೆ ಬಂದು ಹಾಜರಿ ಕೊಡಬೇಕು. ಅರ್ಧ ಸಂಬಳ ಕೊಟ್ಟು ಇಡೀ ದಿನವನ್ನು ಕಟ್ಟಿಹಾಕುವ ಷರತ್ತಿದು. ಬೇರೆಡೆ ಬಿಡಿಗೆಲಸಕ್ಕೆ ಹೋಗುವ ದಾರಿಯನ್ನು ಹಾಜರಿಯ ಪುಸ್ತಕವೇ ಮುಚ್ಚಿತ್ತು. ನೌಕರರ ರಾಜ್ಯ ವಿಮಾ ನಿಗಮವು 2018ರ ಜುಲೈಯಿಂದ ನಡೆಸಿಕೊಂಡು ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಕಳೆದುಕೊಂಡ ವಿಮಾದಾರನಿಗೆ ಜೀವಮಾನದಲ್ಲಿ ಒಮ್ಮೆ 90 ದಿನಗಳವರೆಗೆ ನೆರವುಂಟು. ಮೊದಲು ಸರಾಸರಿ ಗಳಿಕೆಯ ಶೇಕಡ 25ರಷ್ಟಿದ್ದ ಅದು 2020ರಲ್ಲಿ ಶೇಕಡ 50 ಆಯಿತು. ವಿಮೆಯೊಳಗಿನ ನೌಕರನಿಗಾಗಿ ಮಾಡಿದ ಏರ್ಪಾಡು ಇದು. ಬಿಡಿಗೆಲಸವೇ ಜೀವನವಾದವನು ಇದರೊಳಗೆ ಬರುವುದಿಲ್ಲ.

ನಮ್ಮ ವಾಚಕರಲ್ಲಿ ಅನೇಕರಿಗೆ ಹೆಚ್ಚು ಹತ್ತಿರದ್ದು ಕರ್ನಾಟಕ ಸರ್ಕಾರದ ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಪಾವತಿ ಆರಂಭವಾದ ಈ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ತಾನು ಇನ್ನೂ ನಿರುದ್ಯೋಗಿಯೆಂದು ಫಲಾನುಭವಿಯೇ ಘೋಷಿಸಬೇಕು. ಇದು ವಂತಿಗೆಯ ವಿಮೆಯಲ್ಲ, ನೆರವು. ಮೊತ್ತವು ನಿಶ್ಚಿತವಾದದ್ದು, ಗಳಿಕೆಗೆ ತಕ್ಕಂತೆ ಇಳಿಯುವ ಮೆಟ್ಟಿಲುಗಳು ಇದರಲ್ಲಿಲ್ಲ, ಪೂರ್ತಿ ಇಲ್ಲವೆ ಶೂನ್ಯ. ಸಂಜೆ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿ 2,000 ರೂಪಾಯಿ ಪಡೆಯುವ ಪದವೀಧರೆಯನ್ನು, ಒಂದು ತಿಂಗಳು ಮದುವೆಯ ಫೋಟೊ ತೆಗೆದು ಮುಂದಿನ ಎರಡು ತಿಂಗಳು ಖಾಲಿ ಕುಳಿತವನನ್ನು, ಮನೆಯಲ್ಲಿ ಕುಳಿತು ಪುಟಕ್ಕಿಷ್ಟರಂತೆ ಬೆರಳಚ್ಚು ಮಾಡಿಕೊಡುವವಳನ್ನು ಉದ್ಯೋಗಸ್ಥರೆಂದು ಎಣಿಸಿದರೆ ಅವರು ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಾಗಬಹುದು. ಘೋಷಣೆಯ ನಮೂನೆಯಲ್ಲಿ ನೀವು ನಿರುದ್ಯೋಗಿಯೆ ಎಂಬ ಪ್ರಶ್ನೆಯ ಬದಲು ಈ ತಿಂಗಳು ನಿಮ್ಮ ಕೈಗೆ ಬಂದ ಹಣವೆಷ್ಟು, ಅದಕ್ಕಾಗಿ ನೀವು ಮಾಡಿದ ಖರ್ಚೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಇಟ್ಟು, ಗಳಿಕೆಯ ಅರ್ಧದಷ್ಟನ್ನು ಮಾತ್ರ ನೆರವಿನಿಂದ ಕಳೆಯುವುದಾದರೆ, ಆ ಮನೆಪಾಠದ ಪದವೀಧರೆಗೆ ಒಟ್ಟು 4,000 ರೂಪಾಯಿ ಸೇರುತ್ತದೆ. ಸರ್ಕಾರಕ್ಕೂ 1,000 ರೂಪಾಯಿ ಉಳಿಯುತ್ತದೆ.